ಮೂಗುಳ್ಳ ಯಂತ್ರ

ಮನೆಗೊಂದು ಮಿಕ್ಸರ್ ಇದ್ದ ಹಾಗೆ ಮನೆಗೊಂದು ಲೇಸರ್ ಕತ್ತರಿ ಬಂದ ಕಾಲವದು. ಬೆಳಕಿನಿಂದ ಕಟ್ಟಿಗೆ ಕೊಯ್ಯುವುದು, ಬಟ್ಟೆ ಕೊಯ್ಯುವುದು, ರಟ್ಟಿನಲ್ಲಿ ಬಾಗಿಲ ತೋರಣ ಬಿಡಿಸುವುದು ಹೆಂಗಸರಿಗೆ ಶಾವಿಗೆ ಹೊಸೆದಷ್ಟು ಸಲೀಸಾಗಿತ್ತು. ಸಲೀಸಾದದ್ದರ ಬೆನ್ನಿಗೇ ಅಪಾಯ ಬರುವುದು ಲೋಕರೂಢಿ. ಯಾರೋ ರೆಕ್ಸಿನ್ ಕೊಯ್ದರು, ಯಾರೋ ಹಳೆಯ ಬ್ಯಾನರಿನ ಪ್ಲಾಸ್ಟಿಕ್ ಕೊಯ್ದರು. ಅಂಥ ವಸ್ತುಗಳ ಹೊಟ್ಟೆಯೊಳಗೆ ಕ್ಲೋರಿನ್ ಇರುತ್ತದೆ. ಸುಟ್ಟಾಗ ಅದು ಹೊಗೆಯಾಗಿ ಎದ್ದು, ಮನುಷ್ಯರ ಎದೆಯೊಳಗಿನ ತೇವಕ್ಕೆ ತಗುಲಿ ಆಮ್ಲವಾಗುತ್ತದೆ. ಮುಚ್ಚಿದ ಕೋಣೆಗಳಲ್ಲಿ ಕೆಲವರು ಸತ್ತರು. ಆಮೇಲೆ ಸರ್ಕಾರ ಎಚ್ಚೆತ್ತು, ಪ್ರತಿ ಯಂತ್ರಕ್ಕೂ ಒಂದು ಮೂಗು ಇರತಕ್ಕದ್ದು ಎಂದು ಕಾನೂನು ಮಾಡಿತು.

ಮೂಗೆಂದರೆ ಹೆಬ್ಬೆರಳ ಗಾತ್ರದ ಒಂದು ಕೊಳವೆ. ಯಂತ್ರದ ಹೊಗೆಯಲ್ಲಿ ಒಂದು ಗುಟುಕನ್ನು ಅದು ಒಳಗೆಳೆದು, ಕಾದ ತಾಮ್ರದ ಜಾಲರಿಯ ಮೇಲೆ ಉರಿಯುವ ಪುಟ್ಟ ಜ್ವಾಲೆಗೆ ಊದುತ್ತದೆ. ಹೊಗೆಯಲ್ಲಿ ಕ್ಲೋರಿನ್ ಇದ್ದರೆ ಅದು ಜಾಲರಿಯಿಂದ ಒಂದಿಷ್ಟು ತಾಮ್ರವನ್ನು ಎತ್ತಿಕೊಂಡು ಜ್ವಾಲೆಗೆ ಹಸಿರು ಬಣ್ಣ ಕೊಡುತ್ತದೆ. ಜ್ವಾಲೆಯನ್ನು ಕಾಯಲು ಒಂದು ಗಾಜಿನ ಕಣ್ಣು. ಯಾವ ಮನೆಯಲ್ಲಿ ಯಂತ್ರ ಚಾಲೂ ಆದರೂ ಹುಬ್ಬಳ್ಳಿ-ಧಾರವಾಡ ರಸ್ತೆಯ ಬದಿಯ ಹೊಗೆ ನಿಗಾ ಕೇಂದ್ರದ ಪರದೆಯ ಮೇಲೆ ಆ ಮನೆಯದೊಂದು ಬಿಳಿ ಚುಕ್ಕೆ ಹೊತ್ತಿಕೊಳ್ಳುತ್ತದೆ. ಜ್ವಾಲೆ ಹಸಿರಾದರೆ ಚುಕ್ಕೆಯೂ ಹಸಿರಾಗುತ್ತದೆ. ಅಲ್ಲಿ ಕೂತವರು ನಲವತ್ತು ಸೆಕೆಂಡಿನೊಳಗೆ ಆ ಯಂತ್ರಕ್ಕೆ ಬೀಗ ಒತ್ತಬೇಕು. ಮೂಗಿಗಿಂತ ಮೂಗುತಿ ಭಾರವಾಯಿತೆಂದು ಜನ ಗೊಣಗಿದರು. ಆದರೆ ಸಾವುಗಳು ನಿಂತವು.

ಆ ಕೇಂದ್ರದ ಹಗಲು ಪಾಳಿಯಲ್ಲಿ ಕೂರುವವರಲ್ಲಿ ಸುಲೋಚನಾ ಚಿತ್ರಗಾರ ಒಬ್ಬಳು. ವಯಸ್ಸು ನಲವತ್ತೆರಡು, ಕಣ್ಣು ಚುರುಕು, ದನಿ ಮಾತ್ರ ಹರಿದ ತಮಟೆ. ಮೊದಲು ಹಾಗಿರಲಿಲ್ಲ. ಓಣಿಯಲ್ಲಿ ಯಾರ ಮದುವೆಯಾದರೂ ಸೋಬಾನೆ ಹಾಡಲು ಅವಳನ್ನೇ ಕರೆಯುತ್ತಿದ್ದರು. ಹನ್ನೊಂದು ವರ್ಷದ ಹಿಂದೆ, ಯಂತ್ರಗಳಿಗೆ ಇನ್ನೂ ಮೂಗು ಬಂದಿರದ ಕಾಲದಲ್ಲಿ, ಅಡುಗೆಮನೆಯ ಕಿಟಕಿ ಮುಚ್ಚಿಕೊಂಡು ಯಾರದೋ ಕೂಸಿನ ಹುಟ್ಟುಹಬ್ಬಕ್ಕೆ ಬ್ಯಾನರ್ ಪ್ಲಾಸ್ಟಿಕ್ಕಿನಲ್ಲಿ ಅಕ್ಷರ ಕೊಯ್ಯುತ್ತ ಕೂತಿದ್ದಳು. ಆರನೆಯ ಅಕ್ಷರಕ್ಕೆ ಕೆಳಗೆ ಬಿದ್ದಳು. ಆಸ್ಪತ್ರೆಯಿಂದ ಜೀವ ವಾಪಸು ಬಂತು, ಹಾಡು ಬರಲಿಲ್ಲ. ಕೇಂದ್ರಕ್ಕೆ ಜನ ಬೇಕೆಂದು ಪ್ರಕಟಣೆ ಬಂದಾಗ ಮೊದಲ ಅರ್ಜಿ ಅವಳದೇ.

ಅವಳ ಅತ್ತೆ ಇಂದ್ರವ್ವ ಬಾಸಿಂಗ ಮಾಡುವವಳು. ಮದುವೆಯಲ್ಲಿ ವಧೂವರರ ಹಣೆಗೆ ಕಟ್ಟುವ ಬಾಸಿಂಗವನ್ನು ಆ ಮನೆಯಲ್ಲಿ ಬೆಂಡಿನಿಂದಲೇ ಮಾಡುತ್ತಿದ್ದರು. ಬೆಂಡೆಂದರೆ ಕೆರೆಯಲ್ಲಿ ಬೆಳೆಯುವ ಒಂದು ಗಿಡದ ಒಳತಿರುಳು. ಗರಿಯಷ್ಟು ಹಗುರ, ಹಾಲಿನ ಬಿಳುಪು. ಅದನ್ನು ಹಾಳೆಯಂತೆ ಸುಲಿದು, ಪದರಕ್ಕೆ ಪದರ ಅಂಟಿಸಿ ಒಣಗಿಸಿ, ಆಮೇಲೆ ಅದರಲ್ಲಿ ಗಿಳಿ, ಕಳಸ, ಬಳ್ಳಿ ಕೊರೆಯಬೇಕು. ಒಂಟಿ ಪದರಕ್ಕೆ ಕತ್ತಿ ಹಾಕಿದರೆ ಸೀಳಿಹೋಗುತ್ತದೆ. ಇಂದ್ರವ್ವ ಐವತ್ತು ವರ್ಷ ಆ ಕತ್ತಿ ಹಿಡಿದಿದ್ದಳು. ಎಪ್ಪತ್ತೆರಡನೆಯ ವಯಸ್ಸಿಗೆ ಅವಳ ಬಲಗೈ ನಡುಗತೊಡಗಿತು. ಒಂದು ದಿನ ಗಿಳಿಯ ಕೊಕ್ಕು ಹಾರಿಹೋಯಿತು, ಮರುದಿನ ಗಿಳಿಯ ಕುತ್ತಿಗೆಯೇ ಹೋಯಿತು. ಅಂದು ಇಂದ್ರವ್ವ ಊಟ ಮಾಡಲಿಲ್ಲ. ಕತ್ತಿಯನ್ನು ಒರೆಸಿ, ಸೊಂಟದ ಸಂಚಿಯಲ್ಲಿಟ್ಟುಕೊಂಡು ಗೋಡೆ ನೋಡುತ್ತ ಕೂತಳು. ಅದನ್ನು ನೋಡಿದ ಸುಲೋಚನಾಳಿಗೆ ತನ್ನ ಹಾಡು ಹೋದ ದಿನ ನೆನಪಾಯಿತು. ಕೈ ನಡುಗಿದರೆ ನಡುಗಲಿ, ಬೆಳಕು ನಡುಗುವುದಿಲ್ಲ ಎಂದು ಅವಳು ಅಲ್ಲೇ ನಿಶ್ಚಯ ಮಾಡಿದಳು.

ಅತ್ತೆ ಸೊಸೆ ಇಬ್ಬರೂ ಯಂತ್ರ ನೋಡಲು ಹೋದರು. ಇಂದ್ರವ್ವ ಹೆಣ್ಣು ನೋಡಲು ಹೊರಟವಳ ಗತ್ತಿನಲ್ಲಿ, ಚೀಲದಲ್ಲಿ ಬೆಂಡಿನ ತುಂಡುಗಳನ್ನು ಹಾಕಿಕೊಂಡು ಬಂದಿದ್ದಳು. ಅಂಗಡಿಯವನು ಮೊದಲು ದೊಡ್ಡದೊಂದನ್ನು ತೋರಿಸಿದ. ಗಾಜಿನ ಕೊಳವೆಯಲ್ಲಿ ಅನಿಲ ತುಂಬಿದ ಯಂತ್ರ. ಏನನ್ನು ಬೇಕಾದರೂ ಕೊಯ್ಯುತ್ತದೆ, ಆದರೆ ಕೊಳವೆ ಕಾಯದಂತೆ ನೀರು ಹರಿಯುತ್ತಲೇ ಇರಬೇಕು.

"ದಿನಾ ನೀರು ಕುಡಸೂದಾದ್ರ ಎಮ್ಮಿ ಕಟ್ಟೀನಲ್ಲಪಾ," ಅಂದಳು ಇಂದ್ರವ್ವ. "ಹಾಲರ ಕೊಡ್ತೈತಿ."

ಎರಡನೆಯದು ಲೋಹದ ಮೇಲೆ ಹೆಸರು ಕೊರೆಯುವಂಥದು, ಇವರಿಗೆ ಉಪಯೋಗವಿಲ್ಲ. ಮೂರನೆಯದು ನೀಲಿ ಬೆಳಕಿನದು. ಮಣೆಯಷ್ಟು ಅಗಲ, ಮೇಲೆ ಕೇಸರಿ ಗಾಜಿನ ಮುಚ್ಚಳ, ಮುಚ್ಚಳ ಎತ್ತಿದರೆ ಬೆಳಕು ತಾನೇ ಆರುತ್ತದೆ. ಸುಲೋಚನಾ ಅದರ ಹೊಗೆ ಕೊಳವೆ ಕಿಟಕಿಯ ತನಕ ಮುಟ್ಟುತ್ತದೋ ಎಂದು ಮೊಳ ಹಾಕಿ ನೋಡಿದಳು, ಮೂಗಿನ ಮುದ್ರೆ ಸರಿಯಿದೆಯೋ ನೋಡಿದಳು. ಅಂಗಡಿಯವನು ತನ್ನ ಪ್ಲೈವುಡ್ ಇಟ್ಟು ಚಕಚಕನೆ ಒಂದು ಚಿಟ್ಟೆ ಕೊಯ್ದು ತೋರಿಸಿದ. ಇಂದ್ರವ್ವ ಮೂಗು ಮುರಿದಳು.

"ಮಾರಾವ ತನ್ನ ಕಟಗಿ ತಾ ಕೊಯ್ದು ತೋರಸ್ತಾನ. ನನ್ನ ಬೆಂಡು ಕೊಯ್ದು ತೋರಸು."

ಬೆಂಡಿನ ಮೇಲೆ ನೀಲಿ ಬೆಳಕು ಓಡಾಡಿತು, ಬೆಂಡಿಗೆ ಏನೂ ಆಗಲಿಲ್ಲ. ಅಂಗಡಿಯವನು ಶಕ್ತಿ ಏರಿಸಿದ. ಈಗ ಅಂಚು ಇದ್ದಕ್ಕಿದ್ದಂತೆ ಕರಿಸುಟ್ಟು ಹೋಯಿತು. ಅವನು ಬೆವರು ಒರೆಸಿಕೊಂಡು, ಬಿಳಿ ವಸ್ತುವಿಗೆ ಇದು ಹೊಂದುವುದಿಲ್ಲ, ದೊಡ್ಡದನ್ನೇ ತಗೊಳ್ಳಿ ಎಂದ. ಇಂದ್ರವ್ವ ಸಂಚಿಯಿಂದ ಅರಿಶಿನದ ಡಬ್ಬಿ ತೆಗೆದು, ಇನ್ನೊಂದು ತುಂಡಿಗೆ ಬೆರಳಿನಿಂದ ತೆಳ್ಳಗೆ ಸವರಿ ಮುಂದಿಟ್ಟಳು. ಮದುವೆಯ ಸಾಮಾನಿಗೆ ಅರಿಶಿನ ಸೋಕಿಸದೆ ಕತ್ತರಿ ಹಾಕುವುದು ಆ ಮನೆಯಲ್ಲಿ ಪದ್ಧತಿಯಲ್ಲ. ಮೊದಲಿನ ಶಕ್ತಿಯಲ್ಲೇ ಬೆಳಕು ಓಡಿತು. ಗಿಳಿಯ ಕೊಕ್ಕು ಕೂದಲೆಳೆಯಷ್ಟೂ ಕಪ್ಪಾಗದೆ ಬಿಡಿಸಿಕೊಂಡು ಬಂತು. ಅಂಗಡಿಯವನು ಮೂಗಿನ ಮೇಲೆ ಬೆರಳಿಟ್ಟ.

ಸುಲೋಚನಾಳಿಗೆ ಕಾರಣ ಹೊಳೆದು ನಗು ಬಂತು. ಬಿಳಿಯದು ನೀಲಿ ಬೆಳಕನ್ನು ಬಂದ ದಾರಿಗೇ ಅಟ್ಟುತ್ತದೆ. ಅರಿಶಿನ ಅರಿಶಿನವಾಗಿ ಕಾಣುವುದೇ ಅದು ನೀಲಿಯನ್ನು ನುಂಗಿ ಉಳಿದದ್ದನ್ನು ಉಗುಳುವುದರಿಂದ. ನುಂಗಿದ ಬೆಳಕು ಶಾಖವಾಗಿ ಕೊಯ್ಯುತ್ತದೆ. ಅತ್ತೆಗೆ ಇದನ್ನು ವಿವರಿಸಿದಾಗ ಇಂದ್ರವ್ವ, "ಅಷ್ಟೆಲ್ಲ ಯಾಕ, ಯಂತ್ರಕ್ಕೂ ರೀತಿ ರಿವಾಜು ಗೊತ್ತೈತಿ ಅನ್ನು," ಅಂದಳು. ನೀಲಿ ಯಂತ್ರ ಮನೆಗೆ ಬಂತು.

ಆಮೇಲಿನ ಆರು ತಿಂಗಳು ಇಂದ್ರವ್ವ ಹತ್ತು ವರ್ಷ ಚಿಕ್ಕವಳಾದಳು. ತನ್ನ ಹಳೆಯ ಬಾಸಿಂಗಗಳನ್ನು ಯಂತ್ರದ ಕ್ಯಾಮೆರಾ ಕಣ್ಣಿಗೆ ತೋರಿಸುವುದು, ಪರದೆಯ ಮೇಲೆ ಬೆರಳಾಡಿಸಿ ಗಿಳಿಗೆ ಇನ್ನಷ್ಟು ಬಾಲ ಎಳೆಯುವುದು, ನಡುಗಿದ ಗೆರೆಯನ್ನು ಯಂತ್ರ ನೇರ ಮಾಡಿದರೆ "ಜಾಣ" ಎಂದು ಅದರ ಬೆನ್ನು ತಟ್ಟುವುದು. ಸುಲೋಚನಾ ಕೇಂದ್ರದಲ್ಲಿ ಕೂತು ಆಗಾಗ ಪರದೆಯ ಮೂಲೆಯಲ್ಲಿದ್ದ ತಮ್ಮ ಓಣಿಯನ್ನು ನೋಡುತ್ತಿದ್ದಳು. ತಮ್ಮ ಮನೆಯ ಬಿಳಿ ಚುಕ್ಕೆ ಕಂಡರೆ ಅತ್ತೆ ಊಟ ಮುಗಿಸಿ ಕೆಲಸಕ್ಕೆ ಕೂತಳು ಎಂದು ಲೆಕ್ಕ.

ಮಾಘದ ಒಂದು ಮಂಗಳವಾರ ಮಧ್ಯಾಹ್ನ ಆ ಚುಕ್ಕೆ ಹಸಿರಾಯಿತು.

ಸುಲೋಚನಾ ವಿಳಾಸವನ್ನು ಎರಡು ಸಲ ಓದಿದಳು. ನಲವತ್ತು ಸೆಕೆಂಡು ಇತ್ತು. ಮನೆಗೆ ಫೋನ್ ಮಾಡಿ ಏನು ಕೊಯ್ಯುತ್ತಿದ್ದೀರಿ ಎಂದು ಕೇಳಬಹುದಿತ್ತು. ಅತ್ತೆ ಬೆಂಡು ಬಿಟ್ಟು ಬೇರೇನೂ ಮುಟ್ಟುವವಳಲ್ಲ ಎಂದು ತನಗೆ ತಾನೇ ಹೇಳಿಕೊಳ್ಳಬಹುದಿತ್ತು. ಆದರೆ ಅವಳಿಗೆ ಕಂಡದ್ದು ಮುಚ್ಚಿದ ಕಿಟಕಿ, ಅರ್ಧ ಕೊಯ್ದ ಅಕ್ಷರ. ಒಂಬತ್ತನೆಯ ಸೆಕೆಂಡಿಗೆ ಬೀಗ ಒತ್ತಿದಳು. ಆಮೇಲೆ ಪಕ್ಕದ ಮನೆಗೆ ಫೋನ್ ಮಾಡಿ, ಮುದುಕಿಯನ್ನು ಹೊರಗೆ ಕರೆದುಕೊಂಡು ಬಂದು ಗಾಳಿಗೆ ಕೂಡಿಸಿ ಎಂದಳು.

ಸಂಜೆ ಮನೆಗೆ ಬಂದಾಗ ಇಂದ್ರವ್ವ ಆರಾಮಾಗಿ ಕಟ್ಟೆಯ ಮೇಲೆ ಕೂತಿದ್ದಳು. ಕೆಮ್ಮಿಲ್ಲ, ದಮ್ಮಿಲ್ಲ, ಸಿಟ್ಟು ಮಾತ್ರ ಬೇಕಾದಷ್ಟಿತ್ತು.

"ಯಾರ ಮನಿ ಅಂತ ಕಾಣಲಿಲ್ಲೇನ ನಿನಗ?"

"ಕಾಣ್ತು, ಅತ್ತಿ."

"ಕಂಡೂ ಒತ್ತಿದಿ?"

"ಕಂಡದ್ದಕ್ಕ ಲಗೂನ ಒತ್ತಿದೆ."

"ಓಣ್ಯಾಗ ನಮ್ಮ ಮೂಗು ಕೊಯ್ದಿ ನೋಡು. ಇಂದ್ರವ್ವ ಕದ್ದು ಪಲಾಸ್ಟಿಕ್ ಸುಡ್ತಾಳ ಅಂತ ಮಂದಿ ಆಡ್ಕೊಂಡು ನಗಾಕತ್ಯಾರ."

ಸುಲೋಚನಾಳ ಗಂಡ ವಾಮನ ರೈಲ್ವೆ ವರ್ಕ್‌ಶಾಪಿನಲ್ಲಿ ಗಾಲಿ ಕಡೆಯುವವನು. ಅತ್ತೆ ಸೊಸೆಯ ನಡುವೆ ಬಾಯಿ ಹಾಕಿದ ಗಂಡಸು ಉದ್ಧಾರವಾದ ಉದಾಹರಣೆ ಇಲ್ಲವೆಂಬುದು ಅವನ ಸಿದ್ಧಾಂತ. ಚಹಾ ಕುಡಿದು ಮೆಲ್ಲಗೆ ಜಾಗ ಖಾಲಿ ಮಾಡಿದ.

ಕಾನೂನು ಸರಳವಾಗಿತ್ತು. ಹಸಿರಿನ ಬೀಗ ಬಿದ್ದ ಹದಿನೈದು ದಿನಕ್ಕೆ ವಿಚಾರಣೆ. ಹಸಿರು ಬಂದದ್ದು ಕ್ಲೋರಿನ್ನಿನಿಂದ ಅಲ್ಲವೆಂದು ಮನೆಯವರು ರುಜುವಾತು ಮಾಡಬೇಕು. ಆಗದಿದ್ದರೆ ಯಂತ್ರವನ್ನು ಒಯ್ದು ಕರಗಿಸುತ್ತಾರೆ, ಆ ಮನೆಗೆ ಮತ್ತೆಂದೂ ಯಂತ್ರ ಕೊಡುವುದಿಲ್ಲ. ಯಂತ್ರವಿಲ್ಲದೆ ಇಂದ್ರವ್ವ ಇನ್ನೊಂದು ಬಾಸಿಂಗ ಮಾಡಲಾರಳು. ಅವಳ ಕೈಗೆ ಉಳಿದಿದ್ದ ಕೆಲಸವೆಲ್ಲ ಈಗ ಆ ಹದಿನೈದು ದಿನದ ಮೇಲೆ ನಿಂತಿತ್ತು.

ಮರುದಿನ ಸುಲೋಚನಾ ಕೇಂದ್ರದ ಪ್ರಯೋಗಾಲಯದ ಮುಖ್ಯಸ್ಥೆ ಫರ್ಹಾನಾ ಮುಲ್ಲಾರ ಮುಂದೆ ಹೋಗಿ ನಿಂತಳು. ಫರ್ಹಾನಾ ಕೆಲಸದಲ್ಲಿ ಕಟ್ಟುನಿಟ್ಟು, ಮಾತಿನಲ್ಲೂ ಅಷ್ಟೇ.

"ನೋಡ್ರಿ ಸುಲೋಚನಾ, ನೀವು ಇಲ್ಲೀ ಮಂದಿ. ನಿಮಗ ಬಿಟ್ರ ಬೇಲಿನ ಎದ್ದು ಹೊಲಾ ಮೇಯ್ತು ಅಂತಾರ. ಬ್ಯಾರೇದವರಿಗೆ ಒಂದು ಪುರಾವೆ ಸಾಕು, ನಿಮಗ ಎರಡು ಬೇಕು. ಕ್ಲೋರಿನ್ ಅಲ್ಲ ಅಂತ ಒಂದು, ಹಸಿರು ಯಾತರದು ಅಂತ ಇನ್ನೊಂದು."

"ಎರಡು ಕೊಡ್ತೀನ್ರಿ," ಅಂದಳು ಸುಲೋಚನಾ. "ಪಾಳಿ ಮುಗಿದ ಮ್ಯಾಲ ಇಲ್ಲಿ ಯಂತ್ರ ಒಂದು ತಾಸು ಬಳಸಾಕ ಪರವಾನಗಿ ಕೊಡ್ರಿ."

ಅವಳು ಮನೆಯಿಂದ ಒಂದೊಂದೇ ಸಾಮಾನು ತಂದು ಪ್ರಯೋಗಾಲಯದ ಮೂಗಿಗೆ ಹಿಡಿದಳು. ಕೆರೆಯ ನೀರಲ್ಲಿ ಏನಾದರೂ ಸೇರಿದೆಯೇ ಎಂದು ಬರೀ ಬೆಂಡು ಸುಟ್ಟಳು. ಹಸಿರಿಲ್ಲ. ಪೇಟೆಯ ಅರಿಶಿನದಲ್ಲಿ ಕಲಬೆರಕೆಯಿದೆಯೇ ಎಂದು ಅರಿಶಿನ ಸವರಿ ಸುಟ್ಟಳು. ಹಸಿರಿಲ್ಲ. ಆಮೇಲೆ ಮಂಗಳವಾರದ ಹಲಗೆಯ ಚೂರು, ಅಂದರೆ ಅಂಟಿಸಿದ ಬೆಂಡು, ಸುಟ್ಟಳು. ಜ್ವಾಲೆ ಎಳೆ ಗಿಳಿಯ ಬಣ್ಣಕ್ಕೆ ತಿರುಗಿತು. ಹಾಗಾದರೆ ಕಳ್ಳ ಅಂಟಿನಲ್ಲಿದ್ದಾನೆ.

ಯಂತ್ರ ಬಂದಾಗಿನಿಂದ ಅಂಗಡಿಯ ಅಂಟು ಬಳಸುತ್ತಿದ್ದರು. ಅದಕ್ಕೆ ನುಸಿ ಬೀಳುತ್ತದೆ. ಕಟ್ಟಿದ ಬಾಸಿಂಗವನ್ನು ಮದುವೆಯಾದ ಮೇಲೆ ಎಸೆಯುವುದಿಲ್ಲ, ದೇವರ ಜಗಲಿಯ ಮೇಲೆ ವರ್ಷಾನುಗಟ್ಟಲೆ ಕಾಯ್ದಿಡುತ್ತಾರೆ. ಆರೇ ತಿಂಗಳಿಗೆ ಗಿಳಿಗಳ ರೆಕ್ಕೆ ತೂತಾದವೆಂದು ಯಾರೋ ದೂರಿದ್ದರು. ಅದಕ್ಕೆ ಮಾಘದ ಮದುವೆಗಳಿಗೆ ಇಂದ್ರವ್ವ ಮತ್ತೆ ತನ್ನದೇ ಅಂಟು ಕಾಸಿದ್ದಳು.

"ಅಂಟಿನ್ಯಾಗ ಏನ್ ಹಾಕೀರಿ, ಅತ್ತಿ?"

"ಹುಣಸಿ ಬೀಜ."

"ಮತ್ತ?"

"ಮತ್ತೇನು? ನೀರು."

ಸುಲೋಚನಾ ತಾನೇ ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ಬೀಸಿ, ಕುದಿಸಿ ಅಂಟು ಮಾಡಿದಳು. ಕೇಂದ್ರಕ್ಕೆ ಒಯ್ದು ಸುಟ್ಟಳು. ಜ್ವಾಲೆ ತನ್ನ ಪಾಡಿಗೆ ಉರಿಯಿತು, ಹಸಿರಿಲ್ಲ. ಹುಣಸೆ ಬೀಜವಲ್ಲದೆ ಇನ್ನೊಂದು ಇದೆ ಎಂಬುದು ಖಾತ್ರಿಯಾಯಿತು.

ಆ ಇನ್ನೊಂದು ಏನೆಂದು ಹುಡುಕಲು ಅವಳು ಬಹಳ ದೂರ ಹೋಗಬೇಕಾಗಲಿಲ್ಲ. ಭಾನುವಾರ ಅತ್ತೆಯ ತಲೆಗೆ ಎಣ್ಣೆ ಹಚ್ಚುವಾಗ, ಮಡಿಲಲ್ಲಿ ಮಡಚಿಟ್ಟಿದ್ದ ಆ ಕೈಗಳ ಉಗುರಿನ ಸಂದಿಯಲ್ಲಿ ಬಾನಿನ ಬಣ್ಣದ ಗೆರೆ ಕಂಡಿತು. ಒಳಕಲ್ಲಿನ ಅಂಚಿನಲ್ಲೂ ಅದೇ ನೀಲಿ. ಹಳೆಯ ಕಾಲದ ಜನ ಪುಸ್ತಕಕ್ಕೆ, ಗೋಡೆಗೆ ಹಚ್ಚುವ ಅಂಟಿಗೆ ಹುಳ ಬೀಳದಿರಲೆಂದು ಹಾಕುತ್ತಿದ್ದ ವಸ್ತು. ಅದರಲ್ಲಿ ಇರುವುದೇ ತಾಮ್ರ. ಯಂತ್ರದ ಮೂಗು ಹಸಿರನ್ನು ನೋಡುತ್ತದೆ. ಕ್ಲೋರಿನ್ ಜಾಲರಿಯ ತಾಮ್ರವನ್ನು ಎಬ್ಬಿಸಿತೋ, ಇಲ್ಲ ತಾಮ್ರ ತಾನೇ ಹೊಗೆಯ ಜೊತೆ ಬಂತೋ ಎಂದು ಅದಕ್ಕೆ ತಿಳಿಯುವುದಿಲ್ಲ. ಎಲ್ಲವೂ ಒಂದೇ ಗಳಿಗೆಯಲ್ಲಿ ಬಿಡಿಸಿಕೊಂಡಿತು. ಅವಳಿಗೆ ಎದ್ದು ಕುಣಿಯುವಷ್ಟು ಸಂತೋಷವಾಯಿತು.

"ಅತ್ತಿ, ನನಗ ಗೊತ್ತಾತು. ವಿಚಾರಣ್ಯಾಗ ಅದರ ಹೆಸರು ಒಂದು ಹೇಳಿಬಿಟ್ರ ಮುಗೀತು."

ಇಂದ್ರವ್ವ ತಲೆ ಎಳೆದುಕೊಂಡಳು. ಎಣ್ಣೆಯ ಬಟ್ಟಲು ಉರುಳಿತು.

"ಬಾಯಿ ಬಿಟ್ಟೀದಿ ಮತ್ತ. ನೀ ಕಂಡದ್ದು ಕಂಡಾಂಗ ಇರ್ಲಿ, ನಾ ಹೇಳಿಲ್ಲ."

"ಹೇಳಿದ್ರ ಏನಾಗ್ತೈತಿ?"

ಇಂದ್ರವ್ವ ಉರುಳಿದ ಬಟ್ಟಲನ್ನು ಎತ್ತಿಟ್ಟಳು. ಆಮೇಲೆ ಹೇಳಿದಳು. ಆ ಮನೆಯಲ್ಲಿ ಕೊರೆಯುವುದನ್ನು ಎಲ್ಲರಿಗೂ ಕಲಿಸುತ್ತಾರೆ, ಅಂಟಿನ ಗುಟ್ಟನ್ನು ಮಾತ್ರ ಅತ್ತೆ ಸೊಸೆಯ ಕಿವಿಯಲ್ಲಿ ಹೇಳುತ್ತಾಳೆ, ಅದೂ ಒಂದೇ ಸಲ. ಹೇಳಿದ ದಿನ ಕತ್ತಿಯನ್ನೂ ಕೊಡಬೇಕು. ಕತ್ತಿ ಕೊಟ್ಟವಳು ಮತ್ತೆ ಕತ್ತಿ ಹಿಡಿದು ಕೆಲಸಕ್ಕೆ ಕೂಡುವಂತಿಲ್ಲ.

"ನಮ್ಮತ್ತಿ ನನ್ನ ಕಿವ್ಯಾಗ ಹೇಳಿದ್ದು ಯುಗಾದಿ ದಿನ. ಆಮ್ಯಾಲ ಬರೇ ಕೂತ್ಲು. ನಾಗರ ಪಂಚಮಿತನಕ ಉಳೀಲಿಲ್ಲ. ಅತ್ತಿಗೊಂದು ಕಾಲ ಸೊಸಿಗೊಂದು ಕಾಲ ಅಂತಾರ, ಖರೆ. ನನ್ನ ಕಾಲ ಇನ್ನೂ ಮುಗಿದಿಲ್ಲವಾ ಸುಲೋಚನಾ. ನನಗ ಕೆಲಸ ಬೇಕು."

ಅತ್ತೆ ಹೀಗೆ ಬೇಡಿಕೊಳ್ಳುವ ಧ್ವನಿಯಲ್ಲಿ ಮಾತಾಡಿದ್ದನ್ನು ಸುಲೋಚನಾ ಇಪ್ಪತ್ತು ವರ್ಷದಲ್ಲಿ ಕೇಳಿರಲಿಲ್ಲ. ಗುಟ್ಟು ಹೇಳಿದರೆ ಕೆಲಸ ಹೋಗುತ್ತದೆ, ಹೇಳದಿದ್ದರೆ ಯಂತ್ರ ಹೋಗಿ ಕೆಲಸವೂ ಹೋಗುತ್ತದೆ. ತನಗೆ ಗೊತ್ತಿದೆಯೆಂದು ತಾನೇ ಹೇಳಿಬಿಡಬಹುದಿತ್ತು. ಆದರೆ ಕದ್ದ ಗುಟ್ಟಿನಿಂದ ಬಿಡಿಸಿಕೊಂಡ ಯಂತ್ರದ ಮುಂದೆ ಅತ್ತೆ ಕೂಡುವವಳಲ್ಲ. ಬೀಗ ಒತ್ತುವಾಗ ಕೇಳಲಿಲ್ಲ, ಈ ಮಾತು ಆಡುವಾಗ ಕೇಳದೆ ಆಡಬಾರದು ಎಂದು ಸುಲೋಚನಾ ತೀರ್ಮಾನಿಸಿದಳು.

ಕ್ಲೋರಿನ್ ಇಲ್ಲವೆಂಬುದನ್ನಾದರೂ ಕಲ್ಲಿನಲ್ಲಿ ಕೊರೆದ ಹಾಗೆ ತೋರಿಸಬೇಕೆಂದು ಹಟ ಹಿಡಿದಳು. ಅದಕ್ಕೊಂದು ಹಳೆಯ ಪರೀಕ್ಷೆಯಿದೆ. ಹೊಗೆಯನ್ನು ನೀರಿನೊಳಗೆ ಗುಳುಗುಳು ಹಾಯಿಸಿ, ಆ ನೀರಿಗೆ ಬೆಳ್ಳಿಯ ಲವಣ, ಸಿಲ್ವರ್ ನೈಟ್ರೇಟ್, ಎರಡು ಹನಿ ಹಾಕುವುದು. ಕ್ಲೋರಿನ್ ಇದ್ದರೆ ನೀರು ಒಡೆದ ಹಾಲಿನಂತೆ ಬೆಳ್ಳಗೆ ಗಟ್ಟಿಗಟ್ಟಿಯಾಗುತ್ತದೆ. ಮೊದಲ ದಿನ ಮಾಡಿದಾಗ ಅಂಟಿಸಿದ ಬೆಂಡಿನ ನೀರೂ ಬೆಳ್ಳಗಾಯಿತು, ಬರೀ ಬೆಂಡಿನ ನೀರೂ ಬೆಳ್ಳಗಾಯಿತು, ಏನೂ ಸುಡದೆ ಇಟ್ಟ ನೀರೂ ಬೆಳ್ಳಗಾಯಿತು. ಹಿಂದೆ ನಿಂತಿದ್ದ ಫರ್ಹಾನಾ ಸಣ್ಣಗೆ ನಕ್ಕರು.

"ನಳದ ನೀರು ಹಿಡಿದೀರಿ. ಅದಕ್ಕ ಕ್ಲೋರಿನ್ ಹಾಕೇ ಬಿಡ್ತಾರಲ್ರಿ. ಭಟ್ಟಿ ಇಳಿಸಿದ ನೀರು ತಗೊಳ್ರಿ."

ಅವಳು ಗಾಜುಗಳನ್ನೆಲ್ಲ ಮತ್ತೆ ತೊಳೆದಳು. ಐದು ಸಂಜೆ, ಹನ್ನೆರಡು ಸಲ ಮಾಡಿದಳು. ಪ್ರತಿ ಸಲವೂ ಒಂದೇ ಉತ್ತರ ಬರುವ ತನಕ ಬಿಡಲಿಲ್ಲ.

ವಿಚಾರಣೆಯ ದಿನ ಇಂದ್ರವ್ವ ಇಳಕಲ್ ಸೀರೆ ಉಟ್ಟು, ಕತ್ತಿಯ ಸಂಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ಕುರ್ಚಿಯ ತುದಿಯಲ್ಲಿ ಕೂತಳು. ಮೇಜಿನ ಆಚೆ ಫರ್ಹಾನಾ. ಗೋಡೆಯ ಮೇಲೆ ದೊಡ್ಡ ಪರದೆ, ಅದರಲ್ಲಿ ಊರಿನ ಬಿಳಿ ಚುಕ್ಕೆಗಳು ಹೊತ್ತಿ ಆರುತ್ತಿದ್ದವು. ಸುಲೋಚನಾ ಎರಡು ಗಾಜಿನ ಬಟ್ಟಲಿಟ್ಟಳು. ಒಂದರಲ್ಲಿ ರೆಕ್ಸಿನ್ನಿನ ಹೊಗೆ ಹಾಯಿಸಿದಳು, ಇನ್ನೊಂದರಲ್ಲಿ ಅತ್ತೆಯ ಅಂಟಿನ ಬೆಂಡಿನದು. ಎರಡರ ಹೊಗೆಗೂ ಮೂಗಿನ ಜ್ವಾಲೆ ಹಸಿರಾಯಿತು. ಬೆಳ್ಳಿಯ ಹನಿ ಬಿದ್ದಾಗ ಮೊದಲನೆಯದು ಮೊಸರಾಯಿತು. ಎರಡನೆಯದು ಉಸಿರು ತಾಗಿದ ಕನ್ನಡಿಯಷ್ಟು ಮಸುಕಾಗಿ, ಅಷ್ಟಕ್ಕೇ ನಿಂತಿತು.

ಫರ್ಹಾನಾ ಬಟ್ಟಲನ್ನು ಬೆಳಕಿಗೆ ಹಿಡಿದು ನೋಡಿದರು.

"ಕ್ಲೋರಿನ್ ಅಲ್ಲ. ಒಪ್ಪಿದೆ. ಇದು ಒಂದು ಪುರಾವೆ. ಮತ್ತ ಹಸಿರು ಯಾತರದು?"

"ಅಂಟಿನದು."

"ಅಂಟಿನ್ಯಾಗ ಏನೈತಿ?"

"ಅದನ್ನ ನಾ ಹೇಳಾಕ ಬರೂದಿಲ್ರಿ."

"ಗೊತ್ತಿಲ್ಲೋ?"

"ಗೊತ್ತೈತ್ರಿ. ಆದ್ರ ಅದು ನಂದಲ್ಲ."

"ಹೆಸರಿಲ್ಲದ ವಸ್ತು ಸುಡಾಕ ನಾ ಸಹಿ ಹಾಕೂದಿಲ್ಲ, ಸುಲೋಚನಾ. ಅದು ನಿಮಗೂ ಗೊತ್ತು. ಎಲ್ಲಾರಕಿಂತ ನಿಮಗ ಗೊತ್ತು."

ಫರ್ಹಾನಾರ ಕಣ್ಣು ಒಂದು ಕ್ಷಣ ಸುಲೋಚನಾಳ ಗಂಟಲಿನ ಮೇಲೆ ನಿಂತು ಸರಿಯಿತು. ಸುಲೋಚನಾ ತಲೆಯಾಡಿಸಿದಳು. ಫರ್ಹಾನಾ ಹೇಳಿದ್ದು ಸರಿ. ಆ ಕುರ್ಚಿಯಲ್ಲಿ ತಾನು ಕೂತಿದ್ದರೂ ಸಹಿ ಹಾಕುತ್ತಿರಲಿಲ್ಲ. ಬಾಯಿ ಮಾತ್ರ ತೆರೆಯಲಿಲ್ಲ. ಫರ್ಹಾನಾ ಪೆನ್ನಿನ ಮುಚ್ಚಳ ಹಾಕಿದರು.

"ತಡೀರಿ," ಅಂದಳು ಇಂದ್ರವ್ವ. "ನಾ ನಿಮಗ ಹೇಳೂದಿಲ್ಲ. ಈಕಿಗೆ ಹೇಳ್ತೀನಿ. ಈಕಿ ಬೇಕಾದ್ರ ನಿಮಗ ಹೇಳ್ಲಿ."

ಎದ್ದು ಬಂದು, ಸೊಸೆಯ ತಲೆಯನ್ನು ಎರಡೂ ಕೈಯಿಂದ ಬಗ್ಗಿಸಿ, ಕಿವಿಗೆ ಬಾಯಿ ಇಟ್ಟಳು. ಗೊತ್ತಿದ್ದ ಒಂದೇ ಒಂದು ಶಬ್ದ. ಎಷ್ಟು ಹಾಕಬೇಕು, ಕುದಿಯುವಾಗಲೋ ಆರಿದ ಮೇಲೋ, ಎಂಬುದು ಮಾತ್ರ ಸುಲೋಚನಾಳಿಗೆ ಗೊತ್ತಿರಲಿಲ್ಲ, ಅದನ್ನೂ ಹೇಳಿದಳು. ಆಮೇಲೆ ಸಂಚಿಯಿಂದ ಕತ್ತಿ ತೆಗೆದು ಸೊಸೆಯ ಅಂಗೈ ಮೇಲಿಟ್ಟಳು. ಕೈ ನಡುಗುತ್ತಿದ್ದುದರಿಂದ ಇಡಲು ಎರಡು ಸಲ ಬೇಕಾಯಿತು. ಸುಲೋಚನಾಳಿಗೆ ಅಳು ತಡೆಯಲಾಗಲಿಲ್ಲ. ಕೇಂದ್ರದವರೆಲ್ಲ ನೋಡುತ್ತಿದ್ದರು, ನೋಡಲಿ ಎಂದು ಅತ್ತಳು.

"ಮೈಲುತುತ್ತ," ಅಂದಳು ಕಣ್ಣು ಒರೆಸಿಕೊಂಡು. "ಪಾವು ಅಂಟಿಗೆ ಕಡ್ಲಿಬ್ಯಾಳಿಯಷ್ಟು. ಹುಳ ಬೀಳಬಾರದಂತ."

ಫರ್ಹಾನಾ ಹಾಳೆಯ ಮೇಲೆ ಬರೆದುಕೊಂಡರು. "ಇದೂ ಅಮೃತ ಅಲ್ರಿ ಮತ್ತ. ಕಿಟಕಿ ತಗದಿರಬೇಕು, ಫ್ಯಾನು ಓಡತಿರಬೇಕು, ಬಾಸಿಂಗದ ಹಿಂದ ಚೀಟಿ ಅಂಟಿಸಬೇಕು, ಕೂಸುಗಳ ಬಾಯಿಗೆ ಹೋಗಬಾರದು." ಸಹಿ ಹಾಕಿ, ತಮ್ಮಷ್ಟಕ್ಕೆ ಎಂಬಂತೆ ಹೇಳಿದರು: "ಬೆಳ್ಳಗಿದ್ದದ್ದೆಲ್ಲ ಹಾಲಲ್ಲ, ಹಸಿರಿದ್ದದ್ದೆಲ್ಲ ವಿಷ ಅಲ್ಲ. ಇನ್ನ ಮ್ಯಾಲ ಈ ಮೂಗಿಗೊಂದು ನಾಲಿಗಿನೂ ಹಚ್ಚಬೇಕು. ಬೆಳ್ಳಿ ಹನಿ ಪರೀಕ್ಷೆ ಎಲ್ಲಾ ಯಂತ್ರದಾಗ ಬರೋಹಂಗ ನಾ ಬರೀತೀನಿ."

ಬೀಗ ಹಾಕಿದವರೇ ಬೀಗ ತೆಗೆಯಬೇಕೆಂಬುದು ಕೇಂದ್ರದ ನಿಯಮ. ಸುಲೋಚನಾ ಪರದೆಯ ಮುಂದೆ ಹೋಗಿ ಒತ್ತಿದಳು.

ಮನೆಗೆ ಬಂದ ಇಂದ್ರವ್ವ ಯಂತ್ರದ ಕೋಣೆಗೆ ಹೋಗಲಿಲ್ಲ. ಸೀರೆ ಬದಲಿಸಿ, ಕಟ್ಟೆಯ ಮೇಲೆ ಬರಿಗೈಯಲ್ಲಿ ಕೂತಳು. ಒಂದು ದಿನವಾಯಿತು, ಎರಡು ದಿನವಾಯಿತು. ಮೂರನೆಯ ದಿನ ಬೆಳಿಗ್ಗೆ ಸುಲೋಚನಾ ಕೆಲಸಕ್ಕೆ ಹೊರಟವಳು ಕಟ್ಟೆಯ ಹತ್ತಿರ ನಿಂತಳು.

"ಹಲಗಿ ಒಣಗ್ಯಾವ, ಅತ್ತಿ. ಬಾಸಿಂಗ ಹೇಳಿದವರದು ಶುಕ್ರವಾರ ಮದುವಿ ಐತಿ."

"ನೀ ಮಾಡು. ಕತ್ತಿ ನಿನ್ನ ಕಡೆ ಐತಿ."

"ಐತಿ. ಕತ್ತಿ ನಾ ತಗೊಂಡೆ, ಇಲ್ಲ ಅನ್ನೂದಿಲ್ಲ. ಕತ್ತಿ ಕೊಟ್ಟಾಕಿ ಕತ್ತಿ ಮುಟ್ಟಬಾರದು, ಹೌದಲ್ಲ?"

"ಹೌದು."

"ಆ ಯಂತ್ರದಾಗ ಕತ್ತಿ ಎಲ್ಲೈತಿ? ಅದು ಬೆಳಕು. ನಿಮ್ಮತ್ತಿ ಬೆಳಕು ಕೊಡಂದಿದ್ಲೇನು?"

ಇಂದ್ರವ್ವ ಮುಖವನ್ನು ಅಂಗಳದತ್ತ ತಿರುಗಿಸಿದಳು. ಕುಂಬಳಕಾಯಿ ಬಳ್ಳಿಗೆ ಗುಬ್ಬಿಯೊಂದು ಬಂದು ಕೂತದ್ದನ್ನು ನೋಡುತ್ತ ಉಳಿದಳು. ಸುಲೋಚನಾ ಅರಿಶಿನದ ಡಬ್ಬಿಯನ್ನು ಅತ್ತೆಯ ಪಕ್ಕದಲ್ಲಿಟ್ಟು ಬಸ್ಸಿಗೆ ಹೋದಳು.

ಕೇಂದ್ರದಲ್ಲಿ ಅಂದು ಬೆಳಗಿನಿಂದ ಅವಳ ಕಣ್ಣು ಪರದೆಯ ಆ ಮೂಲೆಗೇ ಹೋಗುತ್ತಿತ್ತು. ಹನ್ನೊಂದಾಯಿತು. ಹನ್ನೆರಡಾಯಿತು. ಊರಿನ ನೂರಾರು ಮನೆಗಳ ಚುಕ್ಕೆ ಹೊತ್ತಿ ಆರಿದವು, ತಮ್ಮ ಓಣಿ ಕತ್ತಲೆಯಾಗಿಯೇ ಇತ್ತು. ಊಟದ ಡಬ್ಬಿ ತೆರೆದಳು, ಮತ್ತೆ ಮುಚ್ಚಿಟ್ಟಳು. ಒಂದು ಗಂಟೆ ಹತ್ತು ನಿಮಿಷಕ್ಕೆ ಓಣಿಯ ನಡುವೆ ಒಂದು ಚುಕ್ಕೆ ಹೊತ್ತಿಕೊಂಡಿತು. ಅವಳು ವಿಳಾಸ ಓದಿದಳು, ಮತ್ತೊಮ್ಮೆ ಓದಿದಳು. ಅಂಟಿನ ತಾಮ್ರ ತಾಗಿ ಚುಕ್ಕೆ ಹಸಿರಾಯಿತು. ಅದರ ಕೆಳಗೆ ಫರ್ಹಾನಾರ ಹೊಸ ಟಿಪ್ಪಣಿ ಮೂಡಿತು: ಮೈಲುತುತ್ತ, ಪರವಾನಗಿ ಇದೆ. ಸುಲೋಚನಾ ಬೀಗದ ಗುಂಡಿಯಿಂದ ಕೈ ದೂರ ಸರಿಸಿ, ಹರಿದ ದನಿಯಲ್ಲೇ ಸೋಬಾನೆಯ ಒಂದು ಸಾಲು ಗುನುಗಿಕೊಳ್ಳುತ್ತ ಊಟಕ್ಕೆ ಕೂತಳು.